ಸಾಮ್ರಾಜ್ಯಗಳ ಅಂಕಪಟ್ಟಿ

ಮೇಷ್ಟ್ರು ನಿವೃತ್ತರಾಗಿ ಎಂಟು ವರ್ಷ ಕಳೆದಿದ್ದರೂ ಅಂಕ ಕೊಡುವ ಚಟ ಬಿಟ್ಟಿರಲಿಲ್ಲ. ಬಂದರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವರು ಅವರು. ಈಗ ತಿದ್ದಲು ಮಕ್ಕಳ ಉತ್ತರಪತ್ರಿಕೆ ಇಲ್ಲದ್ದರಿಂದ ಸಾಮ್ರಾಜ್ಯಗಳನ್ನೇ ತಿದ್ದುತ್ತಿದ್ದರು. ಊರಿನ ಪತ್ರಿಕೆಯಲ್ಲಿ ಗುರುವಾರಕ್ಕೊಮ್ಮೆ ಅವರ ಅಂಕಣ ಬರುತ್ತಿತ್ತು. ಒಂದು ವಾರ ರೋಮ್, ಇನ್ನೊಂದು ವಾರ ಮಂಗೋಲರು, ಮತ್ತೊಂದು ವಾರ ಬೆಟ್ಟ ಕೊರೆದು ಬೆಳ್ಳಿ ಹೊತ್ತೊಯ್ದ ಸ್ಪೇನಿನವರು. ಹೀಗೆ ಹಳೆಯ ಸಾಮ್ರಾಜ್ಯ ಒಂದನ್ನು ತಂದು, ಇವತ್ತು ಜಗತ್ತಿಗೆಲ್ಲ ದೊಡ್ಡಣ್ಣನಾಗಿ ಮೆರೆಯುತ್ತಿರುವ ದೇಶವನ್ನು ಅದರ ಪಕ್ಕದಲ್ಲಿ ನಿಲ್ಲಿಸಿ, ರಸ್ತೆಗೆ ಇಷ್ಟು, ನ್ಯಾಯಕ್ಕೆ ಇಷ್ಟು, ಕ್ರೌರ್ಯಕ್ಕೆ ಇಷ್ಟು ಕಡಿತ ಎಂದು ನೂರಕ್ಕೆ ಅಂಕ ಹಾಕುತ್ತಿದ್ದರು. ರೋಮ್‌ಗೆ ನಲವತ್ತೆಂಟು ಬಂದಿತ್ತು. ಮಂಗೋಲರು ತಮ್ಮ ಕುದುರೆ ಅಂಚೆಯ ದೆಸೆಯಿಂದ ಮೂವತ್ತೊಂಬತ್ತಕ್ಕೆ ಪಾಸಾಗಿದ್ದರು. ದೊಡ್ಡ ದೇಶಕ್ಕೆ ಮಾತ್ರ ಯಾವ ವಾರವೂ ಇಪ್ಪತ್ತೊಂದರ ಮೇಲೆ ಏಳಲಾಗಿರಲಿಲ್ಲ.

ಅದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಅರವತ್ತು ವರ್ಷದ ಹಿಂದಿನ ಯುದ್ಧದಲ್ಲಿ ಆ ದೇಶದ ವಿಮಾನಗಳು ಈ ಬಂದರಿನ ಮೇಲೆ ಬಾಂಬು ಹಾಕಿದ್ದವು. ಮೇಷ್ಟ್ರಿಗೆ ಆಗ ಆರು ವರ್ಷ. ಹದಿನೇಳರ ಅಣ್ಣ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನು ಎರಡನೆಯ ದಿನ ಕೆಲಸಕ್ಕೆ ಹೋಗಿ ಮರಳಲಿಲ್ಲ. ಹೆಣವೂ ಸಿಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಮ್ಮ ಮೇಷ್ಟ್ರನ್ನೂ ಅವರ ತಂಗಿಯನ್ನೂ ಎಳೆದುಕೊಂಡು ಒಳನಾಡಿನ ಕಡೆಗೆ ನಡೆದುಬಿಟ್ಟಳು. ಆಮೇಲೆ ಬದುಕಿದ ನಲವತ್ತು ವರ್ಷವೂ ಅವಳು ಒಂದೇ ಮಾತು ಆಡುತ್ತಿದ್ದಳು. "ಇನ್ನೆರಡು ದಿನ ಹುಡುಕಬೇಕಿತ್ತು. ಮಗನ್ನ ಬಿಟ್ಟು ಓಡಿ ಬಂದ್ಬಿಟ್ಟೆ." ಆ ಮಾತು ಕೇಳಿಕೊಂಡೇ ಬೆಳೆದವರು ಆ ದೇಶಕ್ಕೆ ಧಾರಾಳವಾಗಿ ಅಂಕ ಕೊಡುವುದು ಕಷ್ಟವೇ.

ಹೀಗಿರುವಾಗ ಮೇಷ್ಟ್ರ ಹೆಂಡತಿಯ ಕುತ್ತಿಗೆಯಲ್ಲಿ ಗಡ್ಡೆ ಬೆಳೆಯಿತು.

ಆಕೆ ಇಪ್ಪತ್ತೊಂಬತ್ತು ವರ್ಷ ರೈಲು ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕೂತು ಗಾಡಿಗಳ ವೇಳೆ ಹೇಳಿದವಳು. ಊರಿನಲ್ಲಿ ಆಕೆಯ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ತರಕಾರಿ ಕೊಳ್ಳಲು ನಿಂತು ಎರಡು ಮಾತಾಡಿದರೆ ಸಾಕು, ಪಕ್ಕದವರು ತಿರುಗಿ ನೋಡಿ, "ಅಮ್ಮಾ, ನಾಲ್ಕನೇ ಪ್ಲಾಟ್‌ಫಾರಂ ನೀವೇ ಅಲ್ವಾ?" ಎಂದು ಕೇಳುತ್ತಿದ್ದರು. ಅಂಥ ದನಿ ವರ್ಷದಿಂದೀಚೆಗೆ ಗೊರಗೊರ ಎನ್ನತೊಡಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂರು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷೆ ಮಾಡಿ, "ಗಡ್ಡೆ ಕೆಟ್ಟದ್ದೇನಲ್ಲ, ಆದರೆ ಉಸಿರಿನ ಕೊಳವೆನ ಒತ್ತುತಾ ಇದೆ. ತೆಗೀಲೇಬೇಕು. ನಮ್ಮಲ್ಲಿ ಸರದಿ ಬರೋಕೆ ಏಳು ತಿಂಗಳು. ಅಷ್ಟು ಕಾಯೋದು ಬೇಡ ಅನ್ಸುತ್ತೆ," ಎಂದರು. ಎಲ್ಲಿಗೆ ಹೋಗಬೇಕು ಎಂದು ಮಾತ್ರ ಹೇಳಲಿಲ್ಲ.

ಅದೇ ತಿಂಗಳು ಬಿಳಿ ಹಡಗು ಬಂತು. ದೊಡ್ಡ ದೇಶದ ನೌಕಾಪಡೆಯ ಆಸ್ಪತ್ರೆ ಹಡಗು. ಹನ್ನೆರಡು ದಿನ ನಿಂತು ಊರಿನವರಿಗೆ ಪುಕ್ಕಟೆ ಶಸ್ತ್ರಚಿಕಿತ್ಸೆ ಮಾಡುತ್ತದೆ ಎಂದು ಪತ್ರಿಕೆಯ ಮೊದಲ ಪುಟದಲ್ಲಿತ್ತು. ಒಳಪುಟದಲ್ಲಿ ಮೇಷ್ಟ್ರ ಅಂಕಣವಿತ್ತು. ಹಡಗಿನ ಹಿಂದೆ ದೂರದಲ್ಲಿ ಕಾಣುವ ಎರಡು ಬೂದು ಬಣ್ಣದ ಯುದ್ಧನೌಕೆಗಳನ್ನು ಮರೆಯಬೇಡಿ, ರೋಮನ್ನರೂ ಆಸ್ಪತ್ರೆ ಕಟ್ಟಿದ್ದರು, ಅದು ತಮ್ಮ ಸೈನಿಕರಿಗಾಗಿ, ಎಂದು ಅವರು ಬರೆದಿದ್ದರು.

ಹೆಂಡತಿ ಎರಡನ್ನೂ ಓದಿ ಪತ್ರಿಕೆ ಮಡಿಚಿಟ್ಟಳು.

"ರೋಮನ್ನರು ತಮ್ಮ ಆಸ್ಪತ್ರೆಗೆ ಹೊರಗಿನ ಹೆಂಗಸರನ್ನ ಸೇರಿಸ್ಕೋತಿದ್ರಾ?" ಎಂದು ಕೇಳಿದಳು.

"ನನಗೆ ಗೊತ್ತಿರೋ ಮಟ್ಟಿಗೆ ಇಲ್ಲ."

"ಇವರು ಸೇರಿಸ್ಕೋತಾರಂತೆ. ನನ್ನ ತಂಗಿ ಬೆಳಿಗ್ಗೆನೇ ಸಾಲಲ್ಲಿ ನಿಂತು ಚೀಟಿ ತಂದಿದ್ದಾಳೆ."

ಮೇಷ್ಟ್ರ ಮುಖ ಗಂಟಿಕ್ಕಿತು. ನಾದಿನಿ ಒಂದು ಕೆಲಸಕ್ಕೆ ಕೈ ಹಾಕಿದಳೆಂದರೆ ಅದು ಆದಂತೆಯೇ ಎಂದು ಅವರಿಗೆ ಗೊತ್ತಿತ್ತು.

"ಅವರ ಹತ್ತಿರ ಹೋಗಿ ಕೈ ಚಾಚೋದು ಅಂದ್ರೆ..."

"ಕೈ ಅಲ್ಲ, ಕುತ್ತಿಗೆ ಚಾಚೋದು. ಅದೂ ನನ್ನ ಕುತ್ತಿಗೆ. ನಿಮ್ಮ ಅಂಕಣಾನ ಯಾರೂ ಕೊಯ್ಯಲ್ಲ."

"ನಮ್ಮಣ್ಣನ್ನ ಕೊಂದವರು ಕಣೇ ಅವರು."

ಆಕೆ ಕಷ್ಟಪಟ್ಟು ಉಸಿರೆಳೆದುಕೊಂಡಳು. "ಗೊತ್ತು. ಮದುವೆಯಾದಾಗಿಂದ ನಿಮ್ಮಮ್ಮನ ಬಾಯಲ್ಲಿ ಅದನ್ನೇ ಕೇಳಿದ್ದೀನಿ. ನಿಮಗೆ ಬರೋಕೆ ಮನಸ್ಸಿಲ್ಲ ಅಂದ್ರೆ ಬೇಡ. ನಾನೂ ತಂಗಿನೂ ಹೋಗ್ತೀವಿ."

ಮರುದಿನ ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಂಡತಿಯ ಆಸ್ಪತ್ರೆ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಹಡಗುಕಟ್ಟೆಯ ಖಾಲಿ ಗೋದಾಮಿನಲ್ಲಿ ಪರೀಕ್ಷೆ ನಡೆಯುತ್ತಿತ್ತು. ಸಾವಿರ ಜನರಾದರೂ ಸೇರಿದ್ದರು. ಕಣ್ಣಿಗೆ ಪೊರೆ ಬಂದವರು, ಸೀಳುತುಟಿಯ ಕೂಸನ್ನು ಎತ್ತಿಕೊಂಡವರು, ಕುಂಟುವವರು. ಮೇಷ್ಟ್ರು ತಮ್ಮ ಹಳೆಯ ವಿದ್ಯಾರ್ಥಿಗಳ ಕಣ್ಣು ತಪ್ಪಿಸಲು ಫೈಲನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಪ್ರಯೋಜನವಾಗಲಿಲ್ಲ. "ಮೇಷ್ಟ್ರೇ, ನೀವೂ ಬಂದ್ರಾ?" ಎಂದು ಮೂವರು ಕೇಳಿದರು. ಅವರ ದನಿಯಲ್ಲಿ ಕೊಂಕೇನೂ ಇರಲಿಲ್ಲ, ಆದರೂ ಮೇಷ್ಟ್ರಿಗೆ ಚುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಸರದಿ ಬಂತು. ಒಬ್ಬ ವೈದ್ಯ ಆಕೆಯ ಕುತ್ತಿಗೆ ಮುಟ್ಟಿ ನೋಡಿ, ಮಲಗಿಸಿ, ಉಸಿರು ಕಟ್ಟುತ್ತಿದ್ದಂತೆ ತಕ್ಷಣ ಎಬ್ಬಿಸಿ ಕೂರಿಸಿ, ಚೀಟಿಯ ಮೇಲೆ ಮೂರು ದಿನದ ನಂತರದ ತಾರೀಖು ಬರೆದ.

ಆ ತಾರೀಖಿನಂದು ಸಣ್ಣ ದೋಣಿ ಅವರನ್ನು ಹಡಗಿಗೆ ಒಯ್ದಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ಬಂದವಳು ಹಡಗಿನ ದುಭಾಷಿ. ನಲವತ್ತರ ಆಸುಪಾಸಿನ ಹೆಂಗಸು, ಆ ದೇಶದವಳೇ. ಇಲ್ಲಿನ ಭಾಷೆಯನ್ನು ಪುಸ್ತಕ, ಪತ್ರಿಕೆಗಳಿಂದಲೇ ಕಲಿತಿದ್ದಳೆಂದು ಬಾಯಿ ತೆರೆದೊಡನೆ ತಿಳಿಯಿತು.

"ತಾವು ದಯವಿಟ್ಟು ಆಸೀನರಾಗಬೇಕು. ಈ ಚಿಕಿತ್ಸೆಯಲ್ಲಿ ಧ್ವನಿಯ ನರಕ್ಕೆ ಹಾನಿಯಾಗುವ ಸಂಭವವು ನೂರಕ್ಕೆ ಎರಡರಷ್ಟಿದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಬಯಸುತ್ತೇನೆ."

ಮೇಷ್ಟ್ರ ಹೆಂಡತಿ ಗಂಡನ ಕಡೆಗೆ ಬಾಗಿ ಗೊರಗೊರ ದನಿಯಲ್ಲೇ, "ಈಕೆ ನಿಮ್ಮ ಅಂಕಣದ ಹಾಗೇ ಮಾತಾಡ್ತಾಳೆ," ಎಂದಳು. ಆಮೇಲೆ ಸಹಿ ಹಾಕಿದಳು. ಮೇಷ್ಟ್ರು ಮಾತ್ರ ಪತ್ರದ ಪ್ರತಿ ಸಾಲನ್ನೂ ಎರಡೆರಡು ಸಲ ಓದಿದರು. ನೂರಕ್ಕೆ ಎರಡು. ಇಷ್ಟು ವರ್ಷ ಅಂಕ ಹಾಕಿದವರಿಗೆ ಎರಡು ಅಂಕ ಇಷ್ಟು ಭಾರವಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಗಂಡನ ಹೆಸರಿನ ಜಾಗದಲ್ಲಿ ಸಹಿ ಮಾಡುವಾಗ ದುಭಾಷಿ ಆ ಸಹಿಯನ್ನು ದಿಟ್ಟಿಸಿ ನೋಡಿದ್ದನ್ನು ಅವರು ಗಮನಿಸಿದರು.

ಹೆಂಡತಿಯನ್ನು ಗಾಲಿಮಂಚದ ಮೇಲೆ ಒಳಗೆ ಒಯ್ದರು. ಮೇಷ್ಟ್ರು ಮೇಲಂತಸ್ತಿನ ಬೆಂಚಿನ ಮೇಲೆ ಕೂತರು. ಎದುರಿಗೆ ಊರು, ಬಂದರಿನ ಕ್ರೇನುಗಳು. ಅಣ್ಣ ಕೆಲಸ ಮಾಡುತ್ತಿದ್ದ ಕಟ್ಟೆ ಇಲ್ಲಿಂದ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ದುಭಾಷಿ ಎರಡು ಲೋಟ ಚಹಾ ಹಿಡಿದು ಬಂದಳು.

"ತಾವು ಗುರುವಾರದ ಅಂಕಣಕಾರರಲ್ಲವೇ?"

ಹೆಂಡತಿಯ ಕುತ್ತಿಗೆ ಇವರ ಕತ್ತಿಯ ಕೆಳಗಿದೆ. ಅಲ್ಲ ಎಂದುಬಿಡೋಣವೇ ಎಂದು ಮೇಷ್ಟ್ರಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಸುಳ್ಳು ಹೇಳಿ ಸಿಕ್ಕಿಬಿದ್ದ ಮಕ್ಕಳನ್ನು ಅವರು ಸಾಕಷ್ಟು ನೋಡಿದ್ದರು.

"ಹೌದು. ನಾನೇ."

"ಪ್ರತಿ ಶುಕ್ರವಾರ ನಾನು ಅದನ್ನು ಅನುವಾದಿಸಿ ಕಪ್ತಾನರಿಗೆ ಒಪ್ಪಿಸುತ್ತೇನೆ. ಹಡಗು ಎಲ್ಲಿಯೇ ಇದ್ದರೂ ಈ ತೀರದ ಪತ್ರಿಕೆಗಳನ್ನು ಓದುವುದು ನನ್ನ ಕರ್ತವ್ಯ."

"ನೋಡಿ, ಬರೆದಿದ್ದು ನಾನು. ನನ್ನ ಹೆಂಡತಿಗೂ ಅದಕ್ಕೂ ಸಂಬಂಧ ಇಲ್ಲ. ಅವಳು ಅದನ್ನ ಪೂರ್ತಿ ಓದೋದೂ ಇಲ್ಲ."

ದುಭಾಷಿಗೆ ಅವರ ಗಾಬರಿ ಅರ್ಥವಾಯಿತು. ಚಹಾ ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು. "ಶಸ್ತ್ರವೈದ್ಯರು ಕ್ರೀಡಾಪುಟದ ಹೊರತು ಬೇರೇನನ್ನೂ ಓದುವುದಿಲ್ಲ. ತಾವು ನಿಶ್ಚಿಂತೆಯಿಂದಿರಿ," ಎಂದಳು. ಮೇಷ್ಟ್ರು ಒಂದು ಗುಟುಕು ಚಹಾ ಕುಡಿದರು. ಆಮೇಲೆ ಆಕೆ, "ಆದರೆ ಒಂದು ತಪ್ಪಿದೆ. ಬಹಳ ದಿನಗಳಿಂದ ಹೇಳಬೇಕೆಂದಿದ್ದೆ," ಎಂದಳು.

"ಏನು ತಪ್ಪು?"

"ಈ ಬಂದರಿನ ಮೇಲೆ ಮೂರು ದಿನ ಬಾಂಬುಗಳು ಬಿದ್ದವು ಎಂದು ತಾವು ಹಲವು ಸಲ ಬರೆದಿದ್ದೀರಿ. ಮೂರಲ್ಲ, ಐದು ದಿನ."

ಮೇಷ್ಟ್ರು ಚಹಾ ಕೆಳಗಿಟ್ಟರು. ಕಡಿಮೆ ಎನ್ನುತ್ತಾಳೆ, ಬಿದ್ದೇ ಇಲ್ಲ ಎನ್ನುತ್ತಾಳೆ ಎಂದು ಅವರು ವಾದಕ್ಕೆ ಸಜ್ಜಾಗಿದ್ದರು. ಹೆಚ್ಚು ಎನ್ನುತ್ತಾಳೆಂದು ಎಣಿಸಿರಲಿಲ್ಲ.

"ನಿಮಗೆ ಹೇಗೆ ಗೊತ್ತು?"

"ವಿಮಾನದಳದ ದಿನಚರಿಗಳು ನಮ್ಮ ರಾಜಧಾನಿಯ ದಾಖಲೆ ಭವನದಲ್ಲಿವೆ. ಮೊದಲು ಗುಟ್ಟಾಗಿದ್ದವು. ಇಪ್ಪತ್ತು ವರ್ಷಗಳ ಹಿಂದೆ ನಮ್ಮವರೇ ಕೆಲವರು ನ್ಯಾಯಾಲಯಕ್ಕೆ ಹೋಗಿ ತೆರೆಸಿದರು. ಯಾರು ಬೇಕಾದರೂ ಓದಬಹುದು. ನಾಲ್ಕನೆಯ ಮತ್ತು ಐದನೆಯ ದಿನ ಗುರಿಯಿದ್ದದ್ದು ಎಣ್ಣೆಯ ತೊಟ್ಟಿಗಳಿಗೆ. ಗಾಳಿ ಜೋರಾಗಿತ್ತು. ಬಾಂಬುಗಳು ಹಗ್ಗ ಹೊಸೆಯುವವರ ಬೀದಿಯ ಮೇಲೆ ಬಿದ್ದವು, ಅಲ್ಲಿ ಒಂದು ಮನೆಯೂ ಉಳಿಯಲಿಲ್ಲ ಎಂದು ಅವರೇ ಬರೆದಿಟ್ಟಿದ್ದಾರೆ."

ಹಗ್ಗ ಹೊಸೆಯುವವರ ಬೀದಿ. ಮೇಷ್ಟ್ರು ಹುಟ್ಟಿದ ಮನೆ ಇದ್ದದ್ದು ಅಲ್ಲಿಯೇ. ಒಂದು ತಿಂಗಳ ನಂತರ ಅವರು ಮರಳಿ ಬಂದಾಗ ಬೀದಿ ಇರಲಿಲ್ಲ. ಊರಿನ ಬಹುಪಾಲು ಜನ ಅಂದೇ ಓಡಿಹೋಗಿದ್ದರಿಂದ, ತಾವು ಹೊರಟ ದಿನವೇ ಎಲ್ಲ ಮುಗಿದಿತ್ತು ಎಂದು ಅವರೂ ಊರಿನವರೂ ನಂಬಿದ್ದರು. ಬೀದಿಯವರು ಎಲ್ಲಿ ಹೋದರು ಎಂದು ಹೇಳಲು ಬೀದಿಯವರು ಯಾರೂ ಉಳಿದಿರಲಿಲ್ಲ.

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮೂರನೆಯ ದಿನ ಮಧ್ಯಾಹ್ನ ಹೊರಟದ್ದು. ಇನ್ನೆರಡು ದಿನ ಹುಡುಕಬೇಕಿತ್ತು ಎಂದು ಅಮ್ಮ ಕೊರಗುತ್ತಿದ್ದಳಲ್ಲ, ಆ ಎರಡು ದಿನ. ಅವಳು ನಿಂತಿದ್ದರೆ ಅಮ್ಮ, ತಂಗಿ, ತಾವು ಮೂವರೂ ಆ ಮನೆಯೊಳಗೇ ಇರುತ್ತಿದ್ದರು.

"ಅಮ್ಮ ಸರಿಯಾಗೇ ಮಾಡಿದ್ಲು," ಎಂದರು.

ದುಭಾಷಿಗೆ ತಿಳಿಯಲಿಲ್ಲ. ಮೇಷ್ಟ್ರು ಅವಳಿಗೆ ಎಲ್ಲವನ್ನೂ ಹೇಳಿದರು. ಹೇಳುವಾಗ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಅವರು ಹೋಗಲಿಲ್ಲ. ಅರವತ್ತು ವರ್ಷದಿಂದ ಮನೆಯಲ್ಲಿ ಕೂತಿದ್ದ ಒಂದು ಕೊರಗು ಎದ್ದು ಹೊರಗೆ ಹೋದ ಹಾಗಿತ್ತು. ಕೇಳಿಸಿಕೊಳ್ಳಬೇಕಾದವಳು ಇರಲಿಲ್ಲ, ಅದೊಂದೇ ನೋವು.

ದುಭಾಷಿ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಕೇಳಿದರು. "ದಾಖಲೆ ತೆರೆದರು ಸರಿ. ಕ್ಷಮೆ ಕೇಳಿದ್ರಾ?"

"ಇಲ್ಲ."

"ಆ ಬೂದು ಹಡಗುಗಳು ಯಾಕೆ ನಿಂತಿವೆ?"

"ಅದರ ಬಗ್ಗೆ ಮಾತಾಡಲು ನನಗೆ ಅಧಿಕಾರವಿಲ್ಲ," ಎಂದಳು. ಆಮೇಲೆ ಮೊದಲ ಸಲ ಆಡುಮಾತಿಗೆ ಇಳಿದು, "ನಂಗೂ ಅವು ಇಷ್ಟ ಇಲ್ಲ," ಎಂದಳು.

ಮೂರು ಗಂಟೆಗೆ ಶಸ್ತ್ರವೈದ್ಯ ಹೊರಗೆ ಬಂದ. ಎತ್ತರದ ಮನುಷ್ಯ, ದಣಿದಿದ್ದ. ಗಡ್ಡೆ ಪೂರ್ತಿ ತೆಗೆದಾಯಿತು, ಉಸಿರಿಗೆ ಇನ್ನು ತೊಂದರೆಯಿಲ್ಲ, ಆದರೆ ಧ್ವನಿಯ ನರ ಗಡ್ಡೆಗೆ ಅಂಟಿಕೊಂಡಿತ್ತು, ಬಿಡಿಸುವಾಗ ಎಳೆದಂತಾಗಿದೆ, ದನಿ ಬರುತ್ತದೋ ಇಲ್ಲವೋ ಕೆಲವು ವಾರ ಕಾಯಬೇಕು ಎಂದ. ದುಭಾಷಿ ಅದನ್ನು ಹೇಳಿ ಮುಗಿಸಿದಾಗ ಮೇಷ್ಟ್ರು ಅವನ ಕೈ ಹಿಡಿದುಕೊಂಡರು. ಅವನೇ ಅವರ ಭುಜ ತಟ್ಟಿ ಮುಂದಿನ ರೋಗಿಯ ಕಡೆಗೆ ಹೋದ.

ಹೆಂಡತಿ ಕಣ್ಣು ಬಿಟ್ಟವಳು ಏನೋ ಹೇಳಲು ಹೋದಳು. ಗಾಳಿ ಬಂತು, ದನಿ ಬರಲಿಲ್ಲ. ಮೇಷ್ಟ್ರು ಫೈಲಿನ ಹಿಂಬದಿ ಮತ್ತು ಪೆನ್ಸಿಲ್ಲು ಕೊಟ್ಟರು. ಆಕೆ ಬರೆದಳು: ಮಲಗಿಕೊಂಡೇ ಉಸಿರಾಡ್ತಿದ್ದೀನಿ, ನೋಡಿದ್ರಾ? ಮೇಷ್ಟ್ರು ಅದರ ಕೆಳಗೆ ಐದು ದಿನದ ವಿಷಯ ಬರೆಯಲು ಹೊರಟು, ಅವಳಿಗೆ ಕಿವಿ ಕೇಳುತ್ತದೆ ಎಂಬುದು ನೆನಪಾಗಿ, ಬಾಯಲ್ಲೇ ಹೇಳಿದರು. ಆಕೆ ಮತ್ತೆ ಪೆನ್ಸಿಲ್ಲು ಎತ್ತಿಕೊಂಡು ಬರೆದಳು: ಅತ್ತೆಗೆ ಇದು ಗೊತ್ತಾಗಬೇಕಿತ್ತು.

ನಾಲ್ಕನೆಯ ದಿನ ಮನೆಗೆ ಬಂದರು. ವಾರದೊಳಗೆ ಬಿಳಿ ಹಡಗು ಹೊರಟುಹೋಯಿತು, ಬೂದು ಹಡಗುಗಳೂ ಹೋದವು. ಆಕೆಯ ದನಿ ಮಾತ್ರ ಬರಲಿಲ್ಲ. ಸ್ಲೇಟು ತಂದುಕೊಟ್ಟರು. ಆಕೆ ಅದರ ಮೇಲೆ ಬರೆಯುವುದಕ್ಕಿಂತ ಹೆಚ್ಚಾಗಿ ಅದನ್ನು ಮೇಜಿಗೆ ಕುಟ್ಟುತ್ತಿದ್ದಳು. ಒಂದು ಕುಟ್ಟಿದರೆ ಬನ್ನಿ, ಎರಡಕ್ಕೆ ಬೇಡ, ಮೂರಕ್ಕೆ ಎಷ್ಟು ಸಲ ಹೇಳೋದು. ನಾದಿನಿ ದಿನವೂ ಬಂದು ಅಕ್ಕನ ಪರವಾಗಿ ಇಬ್ಬರ ಪಾಲಿನ ಮಾತನ್ನೂ ಒಬ್ಬಳೇ ಆಡಿ ಹೋಗುತ್ತಿದ್ದಳು. ಅವಳು ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಮೂವತ್ತೈದು ವರ್ಷದ ಸಂಸಾರದಲ್ಲಿ ಹೆಂಡತಿ ಸ್ವಲ್ಪ ಸುಮ್ಮನಿದ್ದರೆ ಸಾಕಪ್ಪ ಎಂದು ಎಷ್ಟೋ ಸಲ ಅಂದುಕೊಂಡಿದ್ದ ಮೇಷ್ಟ್ರಿಗೆ ಈಗ ಆ ಮೌನ ಎದೆಯ ಮೇಲೆ ಕಲ್ಲಿಟ್ಟ ಹಾಗಿತ್ತು. ಮೂರು ಗುರುವಾರ ಅಂಕಣವಿಲ್ಲದೆ ಪತ್ರಿಕೆ ಬಂತು.

ಶಸ್ತ್ರಚಿಕಿತ್ಸೆಯಾದ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವರು ಮೇಜಿನ ಮುಂದೆ ಕೂತು ಕೊನೆಗೂ ಬರೆಯತೊಡಗಿದ್ದರು. ಒಲೆಯ ಮೇಲೆ ಹಾಲಿಟ್ಟದ್ದು ಮರೆತೇಹೋಗಿತ್ತು. ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ರೀ, ಹಾಲು ಉಕ್ತಿದೆ."

ಮೇಷ್ಟ್ರು ಕೂತಲ್ಲೇ ಕಲ್ಲಾದರು. ದನಿ ಸ್ವಲ್ಪ ಒಡೆದಿತ್ತು, ಒಂದು ಕಡೆ ಜಾರಿತ್ತು, ಆದರೆ ಅದೇ ದನಿ. ಅಡುಗೆಮನೆಯಿಂದ ಸೀದ ವಾಸನೆ ಬರುತ್ತಿತ್ತು.

"ಕಿವಿ ಕೇಳಲ್ವಾ? ಹಾಲು..." ಎಂದು ಬಾಗಿಲವರೆಗೆ ಬಂದವಳು ತಾನು ಮಾಡಿದ್ದೇನೆಂದು ಅರಿತು ಬಾಯಿ ಮುಚ್ಚಿಕೊಂಡಳು. ಒದ್ದೆ ಸೀರೆ ಭುಜದ ಮೇಲಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಾಲು ಒಲೆಯ ತುಂಬ ಹರಿದು, ಉರಿ ಆರಿ, ನೆಲಕ್ಕೆ ತೊಟ್ಟಿಕ್ಕತೊಡಗಿತು. ಯಾರೂ ಅದರ ಕಡೆ ಹೋಗಲಿಲ್ಲ.

"ಇನ್ನೊಂದ್ಸಲ ಹೇಳು," ಎಂದರು ಮೇಷ್ಟ್ರು.

"ಏನ್ ಹೇಳ್ಲಿ? ಹಾಲು ಹೋಯ್ತು," ಎಂದಳು. ಆಮೇಲೆ ನಗುತ್ತ ಅಳುತ್ತ ಗೋಡೆಗೆ ಒರಗಿದಳು. ಮೇಷ್ಟ್ರು ಎದ್ದು ಹೋಗಿ ಅವಳ ಪಕ್ಕದಲ್ಲಿ ಅದೇ ಗೋಡೆಗೆ ಒರಗಿದರು.

ಅಂಕಣ ಮುಗಿಸಿದ್ದು ಆ ದಿನ ಮಧ್ಯಾಹ್ನ. ಅದರಲ್ಲಿ ಅವರು ಮೊದಲು ತಮ್ಮ ತಪ್ಪು ಒಪ್ಪಿಕೊಂಡರು. ಮೂರು ದಿನವಲ್ಲ, ಐದು ದಿನ. ಹಗ್ಗ ಹೊಸೆಯುವವರ ಬೀದಿ ಏನಾಯಿತು ಎಂದು ಬರೆದರು. ಆಮೇಲೆ ಹೀಗೆ ಬರೆದರು: "ಕೊಲ್ಲುವುದರಲ್ಲಿ ಈ ದೇಶ ಹಳೆಯ ಸಾಮ್ರಾಜ್ಯಗಳಿಗಿಂತ ಮೃದುವೇನಲ್ಲ. ತಾವು ಸುಟ್ಟ ಊರುಗಳನ್ನು ಹಳೆಯವರೂ ಬರೆದಿಟ್ಟರು, ಆದರೆ ಅದು ಜಂಬಕ್ಕೆ, ಗೆಲುವಿನ ಕಂಬಗಳ ಮೇಲೆ. ಗಾಳಿಗೆ ಗುರಿ ತಪ್ಪಿತು, ಮನೆಗಳು ಹೋದವು ಎಂದು ಬರೆದಿಟ್ಟು, ತಮ್ಮದೇ ಜನ ಜಗಳವಾಡಿ ಅದನ್ನು ತೆರೆಸಿ, ಅಲ್ಲಿಯ ಉದ್ಯೋಗಿಯೊಬ್ಬಳು ನನ್ನ ಲೆಕ್ಕ ಕಡಿಮೆಯಾಯಿತೆಂದು ತಿದ್ದುವುದನ್ನು ನಾನು ಬೇರೆ ಯಾವ ಸಾಮ್ರಾಜ್ಯದ ಚರಿತ್ರೆಯಲ್ಲೂ ಓದಿಲ್ಲ. ಒಪ್ಪಿಕೊಂಡ ಮಾತ್ರಕ್ಕೆ ಸತ್ತವರು ಬರುವುದಿಲ್ಲ. ಆದರೆ ಬದುಕಿದವರ ತಲೆಯ ಮೇಲಿನ ಸುಳ್ಳು ಭಾರ ಇಳಿಯುತ್ತದೆ. ನನ್ನ ಮನೆಯಲ್ಲಿ ಇಳಿದಿದೆ." ಹೆಂಡತಿಯ ಚಿಕಿತ್ಸೆಯ ವಿಷಯವನ್ನೂ ಮುಚ್ಚಿಡದೆ ಬರೆದರು. ತೀರ್ಪುಗಾರನ ಮನೆಯವರು ಆರೋಪಿಯ ಉಪಕಾರ ಪಡೆದಿದ್ದಾರೆ ಎಂದು ಓದುಗರಿಗೆ ತಿಳಿದಿರಬೇಕು ಎಂಬುದು ಅವರ ವಾದ.

ಸಂಪಾದಕರು ಓದಿ ಫೋನು ಮಾಡಿದರು. "ಎಲ್ಲಾ ಸರಿ ಮೇಷ್ಟ್ರೇ, ಅಂಕ ಎಲ್ಲಿ?"

"ದಾಖಲೆ ಅಂತ ಹೊಸ ವಿಷಯ ಸೇರಿಸಿದ್ದೀನಿ. ಅದರಲ್ಲಿ ಹತ್ತಕ್ಕೆ ಎಂಟು. ಒಟ್ಟು ಇಪ್ಪತ್ತೊಂಬತ್ತು ಅಂತ ಹಾಕಿ."

"ಅಂದ್ರೆ ಇನ್ನೂ ಫೇಲೇ?"

"ಫೇಲೇ. ಆದರೆ ಓದ್ತಾ ಇದಾರೆ ಅನ್ಸುತ್ತೆ."

ಕಾಗದಗಳು ಬಂದವು. ಅರ್ಧ ಜನ ಮೇಷ್ಟ್ರು ಒಂದು ಗಡ್ಡೆಗೆ ಮಾರಿಹೋದರು ಎಂದರು. ಇನ್ನರ್ಧ ಜನ ಉಂಡ ಮನೆಯ ಜಂತೆ ಎಣಿಸುವ ಕೃತಘ್ನ ಎಂದರು. ಮೊದಲಾಗಿದ್ದರೆ ಪ್ರತಿಯೊಂದಕ್ಕೂ ಉತ್ತರ ಬರೆಯಲು ಕೂರುತ್ತಿದ್ದ ಮೇಷ್ಟ್ರು ಈ ಸಲ ಎಲ್ಲವನ್ನೂ ಒಂದು ಲಕೋಟೆಗೆ ಹಾಕಿಟ್ಟು, ಸಂಪಾದಕರಿಂದ ಎರಡು ವಾರ ರಜೆ ಕೇಳಿದರು. ಒಳನಾಡಿನಲ್ಲಿರುವ ತಂಗಿಯನ್ನು ಕಂಡು ಅಮ್ಮನ ವಿಷಯ ಮುಖತಃ ಹೇಳಬೇಕಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ ಅದು.

ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಬಸ್ಸು ಹತ್ತಿದರು. ಕಿಟಕಿಯ ಪಕ್ಕದ ಜಾಗಕ್ಕೆ ಸಣ್ಣ ವಾದವಾಗಿ ಮೇಷ್ಟ್ರು ಸೋತರು. ಊರು ದಾಟಿ ರಸ್ತೆ ಏರತೊಡಗಿದಾಗ ಅವರಿಗೆ ಜೊಂಪು ಹತ್ತಿತು. ಬಾಯಿ ತೆರೆದುಕೊಂಡು, ಹೆಂಡತಿಯ ಭುಜದ ಮೇಲೆ ತಲೆಯಿಟ್ಟು, ಬಸ್ಸು ಎರಡು ಕಡೆ ನಿಂತು ಹೊರಟರೂ ಎಚ್ಚರವಾಗದ ಹಾಗೆ ನಿದ್ದೆ ಮಾಡಿದರು.